ವಾರ್ಡ್ ಸಭೆಗೆ ಮುನ್ನ ಅತ್ತೆಯ ನಾಲ್ಕು ಮಾತು

ಗುಂಪಿನಲ್ಲಿರುವ ಹಿರಿಯರಿಗೆ ನಮಸ್ಕಾರ, ಕಿರಿಯರಿಗೆ ಆಶೀರ್ವಾದ. ಬರುವ ಗುರುವಾರದ ವಾರ್ಡ್ ಸಭೆಯಲ್ಲಿ ಊರಿಗೆ ಮೊದಲು ಏನು ಕೇಳಬೇಕೆಂದು ಬೆಂಗಳೂರಿನಲ್ಲಿರುವ ನಮ್ಮ ಅಣ್ಣನ ಮಗ ನಿನ್ನೆ ಇಲ್ಲಿ ಮತಕ್ಕೆ ಹಾಕಿದ್ದ. ಸ್ವಾಗತ ಕಮಾನು, ಬಸ್ ನಿಲ್ದಾಣದ ಬಳಿ ಹೈಮಾಸ್ಟ್ ದೀಪ, ಕುಡಿಯುವ ನೀರು ಎಂಬ ಮೂರರಲ್ಲಿ ಕಮಾನೇ ಗೆದ್ದಿದೆ. ಟೈಪ್ ಮಾಡಲು ನನ್ನ ಕಣ್ಣು ಒಪ್ಪುವುದಿಲ್ಲವಾದ್ದರಿಂದ ಮಾತಿನಲ್ಲೇ ಹೇಳುತ್ತಿದ್ದೇನೆ; ಉದ್ದವಾದರೆ ಬೇಸರಿಸಬೇಡಿ.

ನೋಡಪ್ಪ, ನೀನು ಕೇಳಿದ್ದು ಒಳ್ಳೆಯದೇ ಆಯಿತು. ಆದರೆ ಮತ ಹಾಕಿದವರಲ್ಲಿ ಬೆಳಗಿನ ಜಾವ ನಲ್ಲಿಯ ಮುಂದೆ ಬಿಂದಿಗೆ ಇಟ್ಟುಕೊಂಡು ಕಾಯುವವರು ಎಷ್ಟು ಮಂದಿ ಎಂದು ಒಮ್ಮೆ ಎಣಿಸಿ ನೋಡು. ಅವರಲ್ಲಿ ಹೆಚ್ಚಿನವರು ಈ ಗುಂಪಿನಲ್ಲೇ ಇಲ್ಲ.

ನಮ್ಮ ಶುದ್ಧ ಕುಡಿಯುವ ನೀರಿನ ಘಟಕ ಯುಗಾದಿಗೆ ಮುಂಚೆ ನಿಂತದ್ದು ಇನ್ನೂ ಶುರುವಾಗಿಲ್ಲ. ಐದು ರೂಪಾಯಿ ನಾಣ್ಯ ಹಾಕಿದರೆ ಒಳಗೆ ಒಂದು ಸುತ್ತು ಉರುಳಿದ ಸದ್ದಾಗಿ ಠಣ್ಣೆಂದು ಕೆಳಗೆ ವಾಪಸ್ ಬೀಳುತ್ತದೆ. ಕೆಟ್ಟಿದೆ ಎಂದು ಗೊತ್ತಿದ್ದೂ ಮೊನ್ನೆ ನಾನೇ ಎರಡು ಸಲ ಹಾಕಿ ನೋಡಿದೆ. ಬೈಕ್ ಇರುವ ಮನೆಯವರು ಪಕ್ಕದೂರಿನಿಂದ ಕ್ಯಾನ್ ತರುತ್ತಾರೆ, ಇಲ್ಲದವರು ಕೊಳವೆಬಾವಿಯ ನೀರನ್ನೇ ಕುಡಿಯುತ್ತಾರೆ. ನಮ್ಮ ಪಾವಗಡ, ಮಧುಗಿರಿ ಕಡೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇರುವುದು ಹೊಸ ಸುದ್ದಿಯಲ್ಲ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿಗೆ ಕಂದು ಕಲೆ ಬೀಳುತ್ತದೆ, ದೊಡ್ಡವರ ಕೀಲು ಬಿಗಿಯುತ್ತದೆ. ಕಾಯಿಸಿ ಕುಡಿದರಾಯಿತು ಎನ್ನುವವರಿಗೆ, ಮೂವತ್ತು ವರ್ಷ ಪಾಠ ಹೇಳಿದ ಅಭ್ಯಾಸದಿಂದ ಒಂದು ಮಾತು: ಕಾಯಿಸಿದರೆ ಆವಿಯಾಗುವುದು ನೀರೇ ಹೊರತು ಫ್ಲೋರೈಡ್ ಅಲ್ಲ, ಉಳಿದ ನೀರಿನಲ್ಲಿ ಅದರ ಪ್ರಮಾಣ ಇನ್ನಷ್ಟು ಹೆಚ್ಚುತ್ತದೆ.

ದುಡ್ಡಿಲ್ಲ ಎಂಬ ಉತ್ತರವನ್ನು ನಾನು ಸುಲಭಕ್ಕೆ ಒಪ್ಪುವವಳಲ್ಲ. 2021ರಿಂದ 2026ರವರೆಗಿನ ಅವಧಿಗೆ 15ನೇ ಹಣಕಾಸು ಆಯೋಗ ಪಂಚಾಯಿತಿಗಳಿಗೆ ಹೇಳಿದ ಅನುದಾನದಲ್ಲಿ ನೂರಕ್ಕೆ 60 ಭಾಗ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಆ ಹಣ ಎಲ್ಲೆಲ್ಲಿ ಖರ್ಚಾಯಿತು ಎಂದು ಲೆಕ್ಕ ಕೇಳುವುದು ಜಗಳವಲ್ಲ. ಕಮಾನು ಬೇಕೇಬೇಕೆಂದರೆ ಬೆಂಗಳೂರಿನವರು ಚಂದಾ ಎತ್ತಿ ಕಟ್ಟಿಸಿ, ಕಲ್ಲಿನಲ್ಲಿ ನಿಮ್ಮ ಹೆಸರು ಕೆತ್ತಿಸಿಕೊಳ್ಳುವುದಕ್ಕೂ ನನ್ನ ಅಭ್ಯಂತರವಿಲ್ಲ.

ದೀಪದ ವಿಷಯದಲ್ಲಿ ಮಾತ್ರ ನಿನ್ನ ಮಾತಿಗೆ ಅರ್ಧ ಒಪ್ಪುತ್ತೇನೆ. ಕೊನೆಯ ಬಸ್ಸಿನಲ್ಲಿ ಇಳಿಯುವ ಕಾಲೇಜಿನ ಹುಡುಗಿಯರು ಮೊಬೈಲ್ ಟಾರ್ಚ್ ಹಿಡಿದು ಕೇರಿಯವರೆಗೆ ನಡೆದು ಬರುತ್ತಾರೆ. ಅವರಿಗೆ ಬೇಕಾದದ್ದು ನಿಲ್ದಾಣದಲ್ಲಿ ಹಗಲಿನಂತೆ ಉರಿಯುವ ದೀಪವಲ್ಲ, ದಾರಿಯುದ್ದಕ್ಕೂ ಈಗಾಗಲೇ ನಿಂತಿರುವ ಕಂಬಗಳಿಗೆ ಒಂದೊಂದು ಬಲ್ಬು.

ಇನ್ನು ಮುಖ್ಯ ವಿಷಯ. 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಕಾಮಗಾರಿಗಳ ಆದ್ಯತೆ ಗೊತ್ತುಪಡಿಸುವುದು ವಾರ್ಡ್ ಸಭೆ, ನಮ್ಮ ಮೊಬೈಲ್ ಅಲ್ಲ. ಅಲ್ಲಿ ಬರೀ "ನೀರು ಕೊಡಿ" ಎಂದರೆ "ಆಗಲಿ" ಎಂಬ ಉತ್ತರ ಸಿಗುತ್ತದೆ, ಅಷ್ಟೇ. ಘಟಕದ ಫಿಲ್ಟರ್ ಬದಲಿಸಬೇಕಾದವರು ಯಾರು, ಯಾವ ತಾರೀಖಿನೊಳಗೆ, ಮತ್ತೆ ಕೆಟ್ಟರೆ ನೀರುಗಂಟಿ ಯಾರಿಗೆ ಹೇಳಬೇಕು ಎಂಬುದನ್ನೆಲ್ಲ ಕೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ಬರೆದದ್ದನ್ನು ಗಟ್ಟಿಯಾಗಿ ಓದಿಸಿದ ಮೇಲೆಯೇ ಸಹಿ ಹಾಕಬೇಕು. ಹೋದ ಸಲ ಖಾಲಿ ಹಾಳೆಗೆ ಸಹಿ ಹಾಕಿ ಕಾಫಿ ಕುಡಿದು ಬಂದವರಲ್ಲಿ ನಾನೂ ಒಬ್ಬಳು, ಇಲ್ಲ ಎನ್ನುವುದಿಲ್ಲ.

ಸಭೆಯನ್ನು ಬೆಳಗ್ಗೆ ಹನ್ನೊಂದಕ್ಕೆ ಇಟ್ಟರೆ ಕೂಲಿಗೆ ಹೋಗುವ ಹೆಂಗಸರು ದಿನದ ದುಡಿಮೆ ಬಿಟ್ಟು ಬರಲಾರರು. ಸಂಜೆ ಐದಕ್ಕೆ ಇಡಿ ಎಂದು ಸದಸ್ಯರಿಗೆ ನಾನು ಈಗಾಗಲೇ ಹೇಳಿದ್ದೇನೆ, ನೀವೂ ಒಂದೊಂದು ಫೋನ್ ಮಾಡಿ. ಹಾಗೆಯೇ ಊರಿನಲ್ಲಿರುವ ನಿಮ್ಮ ತಾಯಂದಿರನ್ನು ಕೇಳಿ ಅವರು ಹೇಳಿದ್ದನ್ನು ಬುಧವಾರದೊಳಗೆ ನನಗೆ ತಿಳಿಸಿ. ಚೀಟಿ ಮಾಡಿಕೊಂಡು ಸಭೆಗೆ ಒಯ್ಯುತ್ತೇನೆ.