ಐಟಿಐ, ಅಪ್ರೆಂಟಿಸ್ ಪ್ರಶ್ನೋತ್ತರ: ಫಿಟ್ಟರ್ ಮೇಷ್ಟ್ರನ್ನು ಕೇಳಿ

ಅಡ್ಮಿನ್: ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದಾಗಿನಿಂದ ಗುಂಪಿನಲ್ಲಿ ಒಂದೇ ಮಾತು. ಐಟಿಐ ಸೇರಿಸಬೇಕಾ, ಡಿಪ್ಲೊಮಾನಾ, ಅಪ್ರೆಂಟಿಸ್ ಅಂದರೇನು. ನಮ್ಮ ಗುಂಪಿನಲ್ಲೇ ಇರುವ ಫಿಟ್ಟರ್ ಮೇಷ್ಟ್ರು ಇವತ್ತು ಸಂಜೆ ಉತ್ತರ ಕೊಡಲು ಒಪ್ಪಿದ್ದಾರೆ. ಸರ್ಕಾರಿ ಐಟಿಐನಲ್ಲಿ ಜೆಟಿಒ (ಕಿರಿಯ ತರಬೇತಿ ಅಧಿಕಾರಿ), 22 ವರ್ಷದ ಸರ್ವೀಸ್. ಒಂದು ಪ್ರಶ್ನೆ ಒಂದೇ ಸಲ ಹಾಕಿ. ಫಾರ್ವರ್ಡ್ ಬೇಡ.

ಹಾವೇರಿ ತಾಯಿ: ನಮಸ್ಕಾರ ಸರ್. ಮಗನಿಗೆ 58 ಪರ್ಸೆಂಟ್ ಬಂದಿದೆ. ಫಿಟ್ಟರ್ ಒಳ್ಳೇದಾ, ಎಲೆಕ್ಟ್ರಿಷಿಯನ್ ಒಳ್ಳೇದಾ?

ಮೇಷ್ಟ್ರು: ನಮಸ್ಕಾರ ಅಮ್ಮ. ಫಿಟ್ಟರ್ ಅಂದರೆ ಕಬ್ಬಿಣ ಕೊಯ್ದು, ಉಜ್ಜಿ, ಅಳತೆಗೆ ಕೂರಿಸುವ ಕೆಲಸ. ಎರಡೂ 2 ವರ್ಷದ ಟ್ರೇಡು, ಎರಡಕ್ಕೂ ಕೆಲಸ ಇದೆ. ಹುಡುಗನ ಕೈ ಯಾವ ಕಡೆ ಓಡುತ್ತೆ ಅಂತ ನಿಮಗೇ ಗೊತ್ತಿರುತ್ತೆ. ಮಿಕ್ಸಿ ಕೆಟ್ಟರೆ ಬಿಚ್ಚುತ್ತಾನಾ, ಸೈಕಲ್ ಬಿಚ್ಚುತ್ತಾನಾ? ಆದರೆ ಟ್ರೇಡಿಗಿಂತ ಮೊದಲು ಸಂಸ್ಥೆ ನೋಡಿ. ಅಡ್ಮಿಷನ್ ಮಾಡಿಸುವ ಮುಂಚೆ ಒಂದು ದಿನ ಮಧ್ಯಾಹ್ನ 2 ಗಂಟೆಗೆ ಹೇಳದೆ ಕೇಳದೆ ಹೋಗಿ, ವರ್ಕ್‌ಶಾಪ್ ಬಾಗಿಲಲ್ಲಿ ನಿಂತುಕೊಳ್ಳಿ. ಶಬ್ದ ಕೇಳಿಸಬೇಕು. ವೈಸ್ (ಕಬ್ಬಿಣ ಕಚ್ಚಿ ಹಿಡಿಯುವ ಸಾಧನ) ಕೆಳಗೆ ಕಬ್ಬಿಣದ ಪುಡಿ ಬಿದ್ದಿರಬೇಕು. ಬೆಂಚು ಒರೆಸಿಟ್ಟ ಹಾಗಿದ್ದರೆ ಅಲ್ಲಿ ಪಾಠ ನಡೆಯುತ್ತಿಲ್ಲ.

ಎಲೆಕ್ಟ್ರಿಷಿಯನ್ ಮೊದಲ ವರ್ಷ: ಸರ್, ನಾನು ಹುಡುಗಿ, ನಮ್ಮ ಬ್ಯಾಚಿನಲ್ಲಿ ನಾವು ಇಬ್ಬರೇ. ಮೆಂಟೆನೆನ್ಸ್ ಕೆಲಸಕ್ಕೆ ಹುಡುಗಿಯರನ್ನು ಕಂಪನಿಯವರು ತಗೋತಾರಾ? ಪ್ಯಾನೆಲ್ ಬೋರ್ಡ್ ಜೋಡಿಸೋಕೆ ಮಾತ್ರ ತಗೋತಾರೆ ಅಂತಾರೆ.

ದಾವಣಗೆರೆ: ಮೇಷ್ಟ್ರೇ, ಅಪ್ರೆಂಟಿಸ್ ಮುಗಿದ ಮೇಲೆ ಪರ್ಮನೆಂಟ್ ಮಾಡ್ತಾರಾ?

ಮೇಷ್ಟ್ರು: ಅಪ್ರೆಂಟಿಸ್ ಅಂದರೆ ಕಂಪನಿಯಲ್ಲಿ ಸ್ಟೈಪೆಂಡ್ ತಗೊಂಡು ಕೆಲಸ ಕಲಿಯೋದು. ಪರ್ಮನೆಂಟ್ ಮಾಡಲೇಬೇಕು ಅಂತ ಕಾಯ್ದೆಯಲ್ಲಿ ಇಲ್ಲ. ಕಾಂಟ್ರ್ಯಾಕ್ಟಿನಲ್ಲಿ ಬರೆದುಕೊಟ್ಟಿದ್ದರೆ ಮಾತ್ರ. ಬಾಯಿಮಾತು ನಂಬಬೇಡಿ.

ಫಿಟ್ಟರ್ ಎರಡನೇ ವರ್ಷ: ಸರ್, ಊರು ಹೇಳಲ್ಲ. ಪ್ರೈವೇಟ್ ಐಟಿಐ. ಮೊದಲ ವರ್ಷ 81 ಪರ್ಸೆಂಟ್ ಬಂದಿದೆ, ಆದರೆ ನನಗೆ ವರ್ನಿಯರ್ (ಸಣ್ಣ ಅಳತೆ ನೋಡುವ ಸಾಧನ) ಸರಿಯಾಗಿ ಓದಕ್ಕೆ ಬರಲ್ಲ. ಫೈಲ್ (ಅರ) ಹಿಡಿದಿದ್ದು ಹತ್ತು ದಿನ ಇರಬಹುದು. ಮೇಷ್ಟ್ರು ಒಬ್ಬರೇ, ವಾರಕ್ಕೆ ಎರಡು ದಿನ ಬರ್ತಾರೆ. ಲೇತ್ (ಕಬ್ಬಿಣ ತಿರುಗಿಸಿ ಕಡಿಯುವ ಮೆಷಿನ್) ಮೇಲೆ ಕವರ್ ಹಾಕಿಟ್ಟಿದ್ದಾರೆ. ಪ್ರಾಕ್ಟಿಕಲ್ ಪರೀಕ್ಷೆ ದಿನ ಜಾಬ್ (ನಾವು ಮಾಡಿ ತೋರಿಸಬೇಕಾದ ತುಂಡು) ಮೊದಲೇ ರೆಡಿ ಇತ್ತು, ನಮ್ಮ ನಂಬರ್ ಪಂಚ್ ಹೊಡೆದು ಕೊಟ್ಟರು. ಮನೆಯಲ್ಲಿ ಖುಷಿಯಾಗಿದ್ದಾರೆ. ಇನ್ನು ಐದು ತಿಂಗಳಿದೆ. ಅಪ್ರೆಂಟಿಸ್‌ಗೆ ಕರೆದರೆ ಏನು ಮಾಡಲಿ? ಭಯ ಆಗುತ್ತೆ.

ಮೇಷ್ಟ್ರು: ತಮ್ಮಾ, ನಿನ್ನ ಮೆಸೇಜ್ ಎರಡು ಸಲ ಓದಿದೆ. ಇಷ್ಟು ನಿಜ ಬರೆದಿದ್ದೀಯ, ಅದಕ್ಕೇ ಕೂತು ಉದ್ದವಾಗಿ ಬರೀತೀನಿ.

ಮೊದಲು ನಿನಗೆ ಏನು ಸಿಗಬೇಕಿತ್ತು ಅಂತ ತಿಳ್ಕೋ. ಸಿಲಬಸ್‌ನಲ್ಲಿ ಮೊದಲ ವರ್ಷಕ್ಕೆ ಒಟ್ಟು 1,200 ಗಂಟೆ, ಅದರಲ್ಲಿ 840 ಗಂಟೆ ಬರೀ ಪ್ರಾಕ್ಟಿಕಲ್. ಇದಲ್ಲದೆ ವರ್ಷಕ್ಕೆ 150 ಗಂಟೆ ಫ್ಯಾಕ್ಟರಿಗೆ ಹೋಗಿ ಕಲಿಯಬೇಕು, ಅದು ಆಗದಿದ್ದರೆ ಗ್ರೂಪ್ ಪ್ರಾಜೆಕ್ಟ್. ನಿನಗೆ ಸಿಕ್ಕಿದ್ದು ಹತ್ತು ದಿನ. ಅದು ನಿನ್ನ ತಪ್ಪಲ್ಲ, ನಿನ್ನಿಂದ ಕಿತ್ತುಕೊಂಡಿದ್ದಾರೆ. ನಮ್ಮಲ್ಲಿ ಎಲ್ಲರೂ ಸರ್ಟಿಫಿಕೇಟ್ ಸಿಕ್ತಾ ಅಂತ ಕೇಳ್ತಾರೆ, ಎಷ್ಟು ಗಂಟೆ ಕೈ ಆಡಿಸಿದೆ ಅಂತ ಒಬ್ಬರೂ ಕೇಳಲ್ಲ. ಹೊಸ ಮೆಷಿನ್ ಬಂದರೂ ಇದೇ ಕಥೆ. ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ರಾಜ್ಯದ 150 ಸರ್ಕಾರಿ ಐಟಿಐಗಳಿಗೆ ರೋಬೋಟ್, ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮೆಷಿನ್) ಎಲ್ಲ ತಂದರು, ಒಳ್ಳೇ ಕೆಲಸ, ನಾನೇ ಅದರ ಮೇಲೆ ಹುಡುಗರಿಗೆ ಕಲಿಸಿದ್ದೀನಿ. ಆದರೆ ವೈಸ್ ಮುಂದೆ ನಿಲ್ಲದ ಹುಡುಗ ರೋಬೋಟ್ ಮುಂದೆ ನಿಂತರೂ ನೋಡ್ಕೊಂಡೇ ನಿಂತಿರ್ತಾನೆ.

ಈಗ ಐದು ತಿಂಗಳು ಏನು ಮಾಡ್ತೀಯ. ನಿಮ್ಮೂರಲ್ಲಿ ಲೇತ್ ಅಂಗಡಿ ಇದ್ದೇ ಇರುತ್ತೆ. ಟ್ರಾಕ್ಟರ್ ಪಾರ್ಟ್ಸ್, ಬೋರ್‌ವೆಲ್ ಪಂಪ್ ರಿಪೇರಿ ಮಾಡ್ತಾರಲ್ಲ, ಅಲ್ಲಿ. ಹೋಗಿ ಯಜಮಾನರಿಗೆ ನಿಜ ಹೇಳು. ಸಂಬಳ ಬೇಡ, ಸಂಜೆ ಎರಡು ಗಂಟೆ ಒಂದು ವೈಸ್ ಕೊಡಿ, ಕಸ ಹೊಡೆದುಕೊಡ್ತೀನಿ ಅನ್ನು. 10 ಮಿಮೀ ದಪ್ಪದ ಎಂಎಸ್ ಫ್ಲಾಟ್ (ಕಬ್ಬಿಣದ ಪಟ್ಟಿ) ತುಂಡು ತಗೋ, ಗುಜರಿಯಲ್ಲಿ ಸಿಗುತ್ತೆ. 50ಕ್ಕೆ 50 ಮಿಮೀ ಚೌಕ ಮಾಡು, ಅಷ್ಟೇ ಕೆಲಸ. ಹ್ಯಾಕ್ಸಾ (ಕಬ್ಬಿಣ ಕೊಯ್ಯುವ ಗರಗಸ) ಬ್ಲೇಡಿನ ಹಲ್ಲು ಮುಂದಕ್ಕೆ ನೋಡ್ತಿರಬೇಕು. ಫೈಲ್ ಮಾಡುವಾಗ ಹೊಸಬರೆಲ್ಲ ಒಂದೇ ತಪ್ಪು ಮಾಡ್ತಾರೆ, ಫೈಲ್ ತೂಗಾಡುತ್ತೆ, ತುಂಡು ಮಧ್ಯದಲ್ಲಿ ಉಬ್ಬುತ್ತೆ. ತಳ್ಳಲು ಶುರು ಮಾಡುವಾಗ ಫೈಲಿನ ತುದಿ ಹಿಡಿದ ಕೈ ಮೇಲೆ ಭಾರ ಇರಬೇಕು, ಮುಂದೆ ಹೋದ ಹಾಗೆ ಭಾರ ಹಿಡಿ ಹಿಡಿದ ಕೈಗೆ ಬರಬೇಕು. ವಾಪಸ್ ಎಳೆಯುವಾಗ ಒತ್ತಬೇಡ. ಹಲ್ಲಿನ ಮಧ್ಯೆ ಪುಡಿ ಸಿಕ್ಕಿಕೊಂಡರೆ ಬ್ರಷ್ ಹಾಕಿ ತೆಗೆದು ಸ್ವಲ್ಪ ಸೀಮೆಸುಣ್ಣ ತಿಕ್ಕು. ಆಮೇಲೆ ಟ್ರೈ ಸ್ಕ್ವೇರ್ (ಮೂಲೆ ಮಟ್ಟ) ಇಟ್ಟು ಕಿಟಕಿ ಕಡೆ ಹಿಡಿದು ನೋಡು, ಬೆಳಕು ಎಲ್ಲಿ ನುಸುಳುತ್ತೆ ಅಂತ.

ವರ್ನಿಯರ್‌ಗೆ ಹೆದರಬೇಡ. ಮೇನ್ ಸ್ಕೇಲಿನ 49 ಮಿಮೀಯನ್ನು ವರ್ನಿಯರ್‌ನಲ್ಲಿ 50 ಭಾಗ ಮಾಡಿದ್ದಾರೆ, ಹಾಗಾಗಿ ಒಂದು ಗೆರೆಗೆ 0.02 ಮಿಮೀ. ಮೊದಲು ವರ್ನಿಯರ್‌ನ ಬಾಯಿ ಮುಚ್ಚಿ ಸೊನ್ನೆಗೆ ಸೊನ್ನೆ ಕೂರುತ್ತಾ ನೋಡು. ಆಮೇಲೆ ದಿನಾ ಇಪ್ಪತ್ತು ವಸ್ತು ಅಳೆದು ಬರೆದಿಡು. ನಾಣ್ಯ, ನಟ್ಟು, ಪೆನ್ನು, ಏನಾದರೂ ಸರಿ. ಒಂದು ವಾರ ಸಾಕು.

ಅಪ್ರೆಂಟಿಸ್‌ಗೆ ಹೋಗುವಾಗ ಯಾರು 500 ರೂಪಾಯಿ ಜಾಸ್ತಿ ಕೊಡ್ತಾರೆ ಅಂತ ನೋಡಬೇಡ, ಟೂಲ್ ರೂಮ್ (ಅಚ್ಚು, ಉಪಕರಣ ಮಾಡುವ ವಿಭಾಗ) ಅಥವಾ ಮೆಂಟೆನೆನ್ಸ್ ಇರುವ ಕಡೆ ಹೋಗು. ಬರೀ ಪ್ಯಾಕಿಂಗ್ ಲೈನಿಗೆ ನಿಲ್ಲಿಸುವ ಕಡೆ ಹೋದರೆ ಮತ್ತೊಂದು ವರ್ಷ ಹೋಯಿತು ಅಂತ ಲೆಕ್ಕ. ನನಗೆ ಬೇರೆಯಾಗಿ ಮೆಸೇಜ್ ಹಾಕು.

ಕೊಪ್ಪಳ: ಸರ್ ಫಿಟ್ಟರ್ ಒಳ್ಳೇದಾ ಎಲೆಕ್ಟ್ರಿಷಿಯನ್ ಒಳ್ಳೇದಾ

ಮೇಷ್ಟ್ರು: ಮೇಲೆ ಬರೆದಿದ್ದೀನಿ.

ಕಲಬುರಗಿ ಅಣ್ಣ: ಇದೊಂದು ಬಂದಿದೆ ನೋಡ್ರಿ: "ಹತ್ತನೇ ಫೇಲ್ ಆದರೂ ಚಿಂತೆಯಿಲ್ಲ, 20 ದಿನದಲ್ಲಿ ಐಟಿಐ ಸರ್ಟಿಫಿಕೇಟ್, ರೈಲ್ವೆಗೆ ನಡೆಯುತ್ತೆ, 18 ಸಾವಿರ ಮಾತ್ರ." ನಮ್ಮ ತಂಗಿ ಮಗನಿಗೆ ಮಾಡಿಸಬಹುದಾ?

ಮೇಷ್ಟ್ರು: ಬೇಡ. ಐಟಿಐ ಅಂದರೆ ಕಡಿಮೆ ಅಂದರೂ 6 ತಿಂಗಳು, ಹೆಚ್ಚಿನ ಟ್ರೇಡಿಗೆ ಒಂದು ಅಥವಾ ಎರಡು ವರ್ಷ. 20 ದಿನದಲ್ಲಿ ಕೊಡೋದು ಬಣ್ಣದ ಕಾಗದ. ಅಸಲಿ ಸರ್ಟಿಫಿಕೇಟ್ ಆನ್‌ಲೈನಿನಲ್ಲಿ ಯಾರು ಬೇಕಾದರೂ ಚೆಕ್ ಮಾಡಬಹುದು. ರೈಲ್ವೆಯಲ್ಲಿ ದಾಖಲೆ ಪರಿಶೀಲನೆ ದಿನ ಸಿಕ್ಕಿಬಿದ್ದರೆ ಕೆಲಸ ಹೋಗೋದಲ್ಲದೆ ಹುಡುಗನ ಮೇಲೆ ಕೇಸ್ ಆಗುತ್ತೆ. ಹತ್ತನೇ ಪಾಸಾಗದಿದ್ದರೆ ವೆಲ್ಡರ್ ಇದೆ, ಎಂಟನೇ ಪಾಸಾದರೆ ಸಾಕು, ಒಂದು ವರ್ಷ. ಫಾರ್ವರ್ಡ್ ಬೇಡ ಅಂತ ಅಡ್ಮಿನ್ ಮೇಲೆ ಬರೆದಿದ್ದಾರಲ್ಲ?

ಕಲಬುರಗಿ ಅಣ್ಣ: ಕೇಳಿದ್ದಷ್ಟೇ ರೀ, ಸಿಟ್ಟು ಯಾಕೆ?

ವೆಲ್ಡರ್ ತಂದೆ: ಸರ್, ಮಗ ವೆಲ್ಡಿಂಗ್ ಸೇರಿ ಹದಿನೈದು ದಿನ. ರಾತ್ರಿ ಕಣ್ಣಲ್ಲಿ ಮರಳು ಬಿದ್ದ ಹಾಗೆ ಅಂತ ಒದ್ದಾಡಿದ. ಆಲೂಗಡ್ಡೆ ಬಿಲ್ಲೆ ಇಟ್ಟಿದ್ದೀವಿ.

ಶಿರಾ: ಎದೆಹಾಲು ಎರಡು ಹನಿ ಬಿಡಿ, ಬೆಳಗ್ಗೆ ಅಷ್ಟೊತ್ತಿಗೆ ಸರಿ ಹೋಗುತ್ತೆ. ನಮ್ಮ ಕಡೆ ಎಲ್ಲ ಅದೇ ಮಾಡೋದು.

ಮೇಷ್ಟ್ರು: ದಯವಿಟ್ಟು ಏನೂ ಹಾಕಬೇಡಿ. ಎದೆಹಾಲೂ ಬೇಡ, ಜೇನೂ ಬೇಡ, ಟೂತ್‌ಪೇಸ್ಟ್ ಅಂತೂ ಬೇಡವೇ ಬೇಡ. ಆರ್ಕ್ ಬೆಳಕಿಗೆ ಕಣ್ಣಿನ ಮೇಲ್ಪದರ ಸುಟ್ಟಿರುತ್ತೆ, ಆ ಜಾಗಕ್ಕೆ ಹೊರಗಿನದು ಏನು ಬಿದ್ದರೂ ಕೀವಾಗುವ ಭಯ. ಆಲೂಗಡ್ಡೆ ತೆಗೆದುಬಿಡಿ. ಕಣ್ಣು ಉಜ್ಜಬಾರದು. ಮುಚ್ಚಿದ ಕಣ್ಣಿನ ಮೇಲೆ ಶುದ್ಧವಾದ ಒದ್ದೆ ಬಟ್ಟೆ, ಕತ್ತಲೆ ಕೋಣೆ, ಬೆಳಗ್ಗೆ ಕಣ್ಣಿನ ಡಾಕ್ಟರ್. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ವಾಸಿ ಆಗುತ್ತೆ. ಮೆಡಿಕಲ್ ಶಾಪಿನಲ್ಲಿ ಉರಿ ಮರಗಟ್ಟಿಸುವ ಹನಿ ಕೊಡ್ತಾರೆ, ಅದನ್ನು ಪದೇ ಪದೇ ಹಾಕಿದರೆ ಗಾಯ ಮಾಯೋದೇ ಇಲ್ಲ. ಮತ್ತೆ ಆ ಸಂಸ್ಥೆಗೆ ಹೋಗಿ ಕೇಳಿ, ಹುಡುಗನಿಗೆ ಮುಖಕ್ಕೆ ಹಿಡಿಯುವ ಶೀಲ್ಡ್ ಕೊಟ್ಟಿದ್ದಾರಾ, ಅದರಲ್ಲಿ 10 ಅಥವಾ 11ನೇ ನಂಬರಿನ ಕಪ್ಪು ಗ್ಲಾಸ್ ಇದೆಯಾ ಅಂತ. ಪಕ್ಕದಲ್ಲಿ ನಿಂತು ನೋಡುವವನಿಗೂ ಶೀಲ್ಡ್ ಬೇಕು. ಇಬ್ಬರಿಗೆ ಒಂದು ಶೀಲ್ಡ್ ಕೊಡುವ ಕಡೆ ಮಗನನ್ನು ನಿಲ್ಲಿಸಬೇಡಿ.

ಶಿರಾ: ನಮ್ಮ ಅಜ್ಜಿ ಕಾಲದಿಂದ ಬಂದಿದ್ದು ಸರ್. ಯಾರಿಗೂ ಏನೂ ಆಗಿಲ್ಲ.

ಮೇಷ್ಟ್ರು: ನನ್ನ ಬ್ಯಾಚಿನ ಹುಡುಗನೊಬ್ಬನಿಗೆ ಆಗಿದೆ. ಮೂರು ವಾರ ಕಣ್ಣು ಬಿಡಲಿಲ್ಲ. ಸಾಕು.

ಪೀಣ್ಯ ಓನರ್: ನನ್ನದು ಸಣ್ಣ ಸಿಎನ್‌ಸಿ ಶಾಪ್, 14 ಜನ. ಹುಡುಗರಿಗೆ ಕೆಲಸ ಇಲ್ಲ ಅಂತಾರೆ, ನನಗೆ ಹುಡುಗರೇ ಸಿಗಲ್ಲ. ಬಂದವರಿಗೆ ಡ್ರಾಯಿಂಗ್ ಓದಕ್ಕೆ ಬರಲ್ಲ. ಮೂರು ತಿಂಗಳು ಕಲಿಸ್ತೀನಿ, ನಾಲ್ಕನೇ ತಿಂಗಳು ಡೆಲಿವರಿ ಓಡಿಸೋಕೆ ಹೋಗ್ತಾರೆ.

ಯಾದಗಿರಿ, ಈಗ ಬೆಂಗಳೂರು: ಸಂಬಳ ಎಷ್ಟು ಕೊಡ್ತೀರಾ ಅದು ಹೇಳಿ ಮೊದಲು. 12 ಗಂಟೆ ಶಿಫ್ಟ್, 13 ಸಾವಿರ. ರೂಮಿಗೆ ನಾಲ್ವರು ಸೇರಿದರೂ ತಲೆಗೆ ಮೂರು ಸಾವಿರ ಬಾಡಿಗೆ. ಊರಿಗೆ ಏನು ಕಳಿಸೋದು? ನಾನು ಎರಡು ವರ್ಷ ಮಾಡಿ ಬಿಟ್ಟೆ.

ಪೀಣ್ಯ ಓನರ್: ನನ್ನ ಹತ್ತಿರ 12 ಗಂಟೆ ಇಲ್ಲ. ಸುಮ್ನೆ ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಮಾಲು ತಗೊಂಡ ಪಾರ್ಟಿಯಿಂದ ದುಡ್ಡು ಬರೋಕೆ 90 ದಿನ, ನನಗೂ ಇಎಂಐ ಇದೆ.

ಯಾದಗಿರಿ, ಈಗ ಬೆಂಗಳೂರು: ನಿಮ್ಮ ಇಎಂಐ ನಾವು ಕಟ್ಟಬೇಕಾ? ಓವರ್‌ಟೈಮ್ ಕೇಳಿದರೆ ನಾಳೆಯಿಂದ ಬರಬೇಡ ಅಂತೀರ.

ಕೊಪ್ಪಳ: ಓನರ್ ಸಾಹೇಬ್ರೆ ನಂಬರ್ ಕೊಡಿ, ನಾನು ಬರ್ತೀನಿ.

ದಾವಣಗೆರೆ: ಅಪ್ರೆಂಟಿಸ್ ಸ್ಟೈಪೆಂಡ್ ಎಷ್ಟು ಸರ್?

ಮೇಷ್ಟ್ರು: 2019ರ ನಿಯಮದಲ್ಲಿ ಐಟಿಐ ಆದವರಿಗೆ ತಿಂಗಳಿಗೆ ಕನಿಷ್ಠ 7,000 ಅಂತ ಇಟ್ಟಿದ್ದರು. ಜಾಸ್ತಿ ಕೊಡಬಹುದು. ಸರ್ಕಾರದ ಅಪ್ರೆಂಟಿಸ್ ಪೋರ್ಟಲ್‌ನಲ್ಲಿ ಕಾಂಟ್ರ್ಯಾಕ್ಟ್ ಆಗದೆ ಕೆಲಸಕ್ಕೆ ನಿಲ್ಲಬೇಡಿ. ಕಾಂಟ್ರ್ಯಾಕ್ಟ್ ಇಲ್ಲದಿದ್ದರೆ ನೀವು ಅಪ್ರೆಂಟಿಸ್ ಅಲ್ಲ, ಕೊನೆಗೆ ಸರ್ಟಿಫಿಕೇಟೂ ಬರಲ್ಲ.

ಪೀಣ್ಯದವರೇ, ನಿಮಗೂ ಒಂದು ಮಾತು. 30 ಜನ ಇರುವ ಕಡೆ ಅಪ್ರೆಂಟಿಸ್ ತಗೊಳ್ಳಲೇಬೇಕು, ನಾಲ್ಕರಿಂದ 29 ಜನ ಇದ್ದರೆ ನಿಮ್ಮಿಷ್ಟ. 2016ರಿಂದ ಇರುವ ಯೋಜನೆಯಲ್ಲಿ ಕನಿಷ್ಠ ಸ್ಟೈಪೆಂಡಿನ ಕಾಲು ಭಾಗ, 1,500ರವರೆಗೆ, ಕೇಂದ್ರ ಸರ್ಕಾರ ಕೊಡುತ್ತೆ. ಇಬ್ಬರನ್ನು ತಗೊಳ್ಳಿ, ಒಂದು ವರ್ಷ ಕಲಿಸಿ, ಮುಗಿದ ದಿನ ಒಳ್ಳೇ ಸಂಬಳ ಹೇಳಿ. ಇರ್ತಾರೆ. ಕಲಿಯುವ ಮೂರು ತಿಂಗಳಲ್ಲೇ ಪ್ರೊಡಕ್ಷನ್ ಕೇಳಿದರೆ ಯಾವ ಹುಡುಗನೂ ಇರಲ್ಲ.

ಪೀಣ್ಯ ಓನರ್: ಪೋರ್ಟಲ್ ಕೆಲಸ ಮಾಡೋಕೆ ಆಫೀಸಿಗೆ ಇನ್ನೊಬ್ಬನನ್ನು ಇಡಬೇಕು. ಹೇಳೋದು ಸುಲಭ ಮೇಷ್ಟ್ರೇ.

ಎಲೆಕ್ಟ್ರಿಷಿಯನ್ ಮೊದಲ ವರ್ಷ: ಸರ್, ನನ್ನ ಪ್ರಶ್ನೆ ಮೇಲಿದೆ.

ಮಂಡ್ಯ: ಐಟಿಐ ಯಾಕೆ ಸುಮ್ನೆ, ಡಿಪ್ಲೊಮಾ ಮಾಡಿಸಿ. ಐಟಿಐ ಅಂದರೆ ಹೆಣ್ಣು ಕೊಡಲ್ಲ.

ಹುಬ್ಬಳ್ಳಿ ಟರ್ನರ್: ನಾನು ಐಟಿಐ. ಮನೆ ಕಟ್ಟಿಸೀನಿ, ಇಬ್ಬರು ತಂಗಿಯರ ಮದುವಿ ಮಾಡೀನಿ. ಮಾತು ನೋಡಿ ಆಡ್ರಿ.

ಮಂಡ್ಯ: ನಾನು ಇದ್ದಿದ್ದು ಹೇಳಿದೆ. ನಮ್ಮ ಬೀದಿಯಲ್ಲಿ ಬಿಇ ಮಾಡಿದೋರೇ ಮನೇಲಿ ಕೂತಿದ್ದಾರೆ, ಇನ್ನು ಐಟಿಐ ಎಲ್ಲಿ?

ಹುಬ್ಬಳ್ಳಿ ಟರ್ನರ್: ಅವರು ಕೂತಾರ, ನಾ ದುಡೀತೀನಿ. ಅಷ್ಟ.

ಮೇಷ್ಟ್ರು: ಎರಡನ್ನೂ ಎದುರುಬದುರು ನಿಲ್ಲಿಸಬೇಡಿ. 2 ವರ್ಷದ ಐಟಿಐ ಪಾಸಾದವರು ಡಿಪ್ಲೊಮಾ ಎರಡನೇ ವರ್ಷಕ್ಕೆ ನೇರ ಸೇರಬಹುದು. ಹತ್ತನೇ ಆದ ಮೇಲೆ ಜಿಟಿಟಿಸಿಯಲ್ಲಿ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಇದೆ, ಮೂರು ವರ್ಷ ಅಲ್ಲಿ, ಒಂದು ವರ್ಷ ಕಂಪನಿಯಲ್ಲಿ. ಆ ಕೇಂದ್ರ 1972ರಿಂದ ನಡೀತಿದೆ. ಶಾಲೆ ಬಿಟ್ಟು 18 ತುಂಬಿದವರಿಗೆ ಜಿಲ್ಲೆಗೊಂದು ಆರ್‌ಸೆಟಿ (ಬ್ಯಾಂಕಿನವರು ನಡೆಸುವ ಸ್ವಉದ್ಯೋಗ ತರಬೇತಿ ಸಂಸ್ಥೆ) ಇದೆ, ಉಜಿರೆಯಲ್ಲಿ 1982ರಲ್ಲಿ ಶುರುವಾದ ರುಡ್‌ಸೆಟ್ ನೋಡಿ ಮಾಡಿದ್ದು. ಊಟ, ವಸತಿ, ತರಬೇತಿ ಎಲ್ಲ ಉಚಿತ.

ಕೊಪ್ಪಳ: ಫಿಟ್ಟರ್ ಸೇರಿದರೆ ರೈಲ್ವೆ ಆಗುತ್ತಾ ಸರ್

ಮೇಷ್ಟ್ರು: ಪರೀಕ್ಷೆ ಪಾಸಾದರೆ ಆಗುತ್ತೆ.

ಬೀದರ್: ಡ್ರೋನ್ ಕೋರ್ಸ್ ಎಲ್ಲಿದೆ?

ಕಲಬುರಗಿ ಅಣ್ಣ: ಇನ್ನೊಂದು ಫಾರ್ವರ್ಡ್ ಬಂದಿದೆ, ಇದು ನಿಜ ಅನ್ನಿಸ್ತದ...

ಅಡ್ಮಿನ್: ಡಿಲೀಟ್ ಮಾಡಿದ್ದೀನಿ. ಮತ್ತೆ ಹಾಕಿದರೆ ಗುಂಪಿನಿಂದ ತೆಗೀತೀನಿ. ಮಂಡ್ಯ ಮತ್ತು ಹುಬ್ಬಳ್ಳಿಯವರು ಬೇರೆಯಾಗಿ ಮಾತಾಡ್ಕೊಳ್ಳಿ. ಇವತ್ತಿಗೆ ಮುಗಿಸ್ತಿದ್ದೇವೆ.

ಫಿಟ್ಟರ್ ಎರಡನೇ ವರ್ಷ (ಮೂರನೇ ದಿನ): ಸರ್, ನಂಬರ್ ಮರೆತೆ, ಇಲ್ಲೇ ಹಾಕ್ತಿದ್ದೀನಿ. ಲೇತ್ ಅಂಗಡಿಯವರು ವೈಸ್ ಕೊಟ್ಟರು. ಎರಡು ದಿನ ಫೈಲ್ ಮಾಡಿದೆ, ಅಂಗೈಯಲ್ಲಿ ಬೊಬ್ಬೆ ಬಂದಿದೆ. ಟ್ರೈ ಸ್ಕ್ವೇರ್ ಇಟ್ಟು ಕಿಟಕಿ ಕಡೆ ನೋಡಿದೆ. ಎರಡು ತುದಿಯಲ್ಲಿ ಬೆಳಕು ಬರ್ತಿದೆ, ಮಧ್ಯದಲ್ಲಿ ಬರ್ತಿಲ್ಲ.

ಮೇಷ್ಟ್ರು: ಮಧ್ಯ ಉಬ್ಬಿದೆ. ಫೈಲ್ ತೂಗಾಡ್ತಿದೆ. ವೈಸ್ ಎತ್ತರ ನಿನ್ನ ಮೊಣಕೈಗೆ ಸಮ ಇದೆಯಾ? ಕೆಳಗಿದ್ದರೆ ಬಗ್ಗಿರ್ತೀಯ, ಮೇಲಿದ್ದರೆ ಕೈ ಎತ್ತಿರ್ತೀಯ. ನೋಡಿ ಹೇಳು. ನಾಳೆ ಫೋಟೋ ಹಾಕು, ನಿಂತಿರೋ ಭಂಗಿ ಕಾಣಬೇಕು.