ರಕ್ತ ಕೊಡಲು ಒಪ್ಪದ ತಾಂಡಾದಲ್ಲಿ ರಕ್ತಹೀನತೆಯ ಸಮೀಕ್ಷೆ ಹೇಗೆ?

ಸಂಶೋಧನಾ ವಿದ್ಯಾರ್ಥಿನಿ, ಕಲಬುರಗಿ

ಇಲ್ಲಿನ ವಿಶ್ವವಿದ್ಯಾಲಯವೊಂದರಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ವಿಷಯ ಹೆಣ್ಣುಮಕ್ಕಳ ರಕ್ತಹೀನತೆ, ಆರಿಸಿಕೊಂಡದ್ದು ಚಿಂಚೋಳಿ ತಾಲ್ಲೂಕಿನ ಒಂದು ತಾಂಡಾ. ಪ್ರಶ್ನೆ ಕೇಳಿದರೆ ಎಲ್ಲರೂ ಉತ್ತರಿಸುತ್ತಾರೆ, ಚಹಾ ಕೊಡುತ್ತಾರೆ, ಉಂಡು ಹೋಗು ಎನ್ನುತ್ತಾರೆ. ಬೆರಳಿಗೆ ಸೂಜಿ ಎಂದೊಡನೆ ಒಳಗೆ ಹೋಗಿಬಿಡುತ್ತಾರೆ. ಒಬ್ಬ ಅಜ್ಜಿ ನೇರವಾಗಿಯೇ ಕೇಳಿದರು: "ಹಿಂದೆಯೂ ಒಂದು ತಂಡ ಬಂದು ರಕ್ತ ಒಯ್ದಿತು. ಅದರಲ್ಲಿ ಏನಿತ್ತೆಂದು ಇಂದಿಗೂ ಯಾರೂ ಹೇಳಿಲ್ಲ. ನೀನಾದರೂ ಹೇಳುತ್ತೀಯಾ?"

ಮನೆಗೊಂದು ಸ್ಟೀಲ್ ಡಬ್ಬಿ ಕೊಡಿ ಎಂದು ಮಾರ್ಗದರ್ಶಕರು ಹೇಳುತ್ತಾರೆ. ತಾಂಡಾದ ನಾಯಕರಿಂದ ಒಂದು ಮಾತು ಹೇಳಿಸಿದರೆ ಎಲ್ಲರೂ ಸಾಲಾಗಿ ಬರುತ್ತಾರೆ ಎನ್ನುತ್ತಾನೆ ಸಹಪಾಠಿ. ಯಾವುದು ಸರಿ? ಇನ್ನೊಂದು ವಿಷಯ: ಅನೇಕ ಮನೆಗಳಿಗೆ ಬೀಗ ಬಿದ್ದಿದೆ, ಜನ ಗುಳೆ ಹೋಗಿದ್ದಾರೆ. ಪಕ್ಕದ ಮನೆಯವರನ್ನು ತೆಗೆದುಕೊಳ್ಳಬಹುದೇ?

ನಿವೃತ್ತ ಸಿಸ್ಟರ್, ಚಿತ್ತಾಪುರ

ತಂಗಿ, ಡಬ್ಬಿಯೂ ಬೇಡ, ನಾಯಕರ ಅಪ್ಪಣೆಯೂ ಬೇಡ. ಆ ಅಜ್ಜಿಗೆ ಉತ್ತರ ಕೊಡು, ಸಾಕು.

ಉಪಕೇಂದ್ರದಲ್ಲೇ ನೌಕರಿ ಮುಗಿಸಿದವಳು ನಾನು. ಇಂಥ ತಂಡಗಳನ್ನು ಬೇಕಾದಷ್ಟು ನೋಡಿದ್ದೇನೆ. ಮೊದಲು ಜೀಪಿನಿಂದ ಬ್ಯಾನರ್ ಇಳಿಯುತ್ತದೆ, ಆಮೇಲೆ ಟೋಪಿ ಹಾಕಿದ ಹುಡುಗರು, ಕಟ್ಟಕಡೆಗೆ ರಕ್ತದ ಪೆಟ್ಟಿಗೆ. ಫೋಟೊ ಆಯಿತೆಂದರೆ ಊರಿನ ಋಣ ತೀರಿತು. ಮರುದಿನ ಹೆಂಗಸರು ನನ್ನ ಹತ್ತಿರ ಬಂದು "ನನ್ನ ರಕ್ತ ಎಷ್ಟಿದೆಯಂತೆ, ಸಿಸ್ಟರ್?" ಎಂದರೆ ನಾನು ಏನು ಹೇಳಲಿ?

ನಿನ್ನ ಹತ್ತಿರ ಹಿಮೋಗ್ಲೋಬಿನ್ ಅಳೆಯುವ ಡಿಜಿಟಲ್ ಯಂತ್ರವಿದ್ದರೆ ಅಂಕಿ ಅಲ್ಲೇ ಬರುತ್ತದೆ. ಅವಳ ಎದುರಿಗೇ ಚೀಟಿಯಲ್ಲಿ ಬರೆದು ಅವಳ ಕೈಗೇ ಕೊಡು. ಕಟ್ಟೆಯ ಮೇಲೆ ನಿಂತು ಎಲ್ಲರಿಗೂ ಕೇಳುವಂತೆ ಓದಬೇಡ. ಹೊಸ ಸೊಸೆಯ ಅಂಕಿ ಸಂಜೆಯೊಳಗೆ ಊರ ಮಾತಾಗುತ್ತದೆ. ಒಂದು ಡೆಸಿಲೀಟರ್ (100 ಮಿ.ಲೀ.) ರಕ್ತದಲ್ಲಿ ಹಿಮೋಗ್ಲೋಬಿನ್ ಬಸುರಿಗೆ 11 ಗ್ರಾಂ, ಉಳಿದ ಹೆಂಗಸರಿಗೆ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. ಬಸುರಿಗೆ 7ಕ್ಕಿಂತ, ಉಳಿದವರಿಗೆ 8ಕ್ಕಿಂತ ಕೆಳಗಿಳಿದಿದ್ದರೆ ಅದು ತೀವ್ರ. ಚೀಟಿ ಕೊಟ್ಟು ಕೈ ತೊಳೆದುಕೊಳ್ಳುವಂತಿಲ್ಲ. ಯಾವ ಆಸ್ಪತ್ರೆ, ಯಾವ ಗಾಡಿ, ಜೊತೆಗೆ ಹೋಗುವವರು ಯಾರು ಎಂಬುದನ್ನು ಸೂಜಿ ಮುಟ್ಟುವ ಮೊದಲೇ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೊಂದಿಗೆ ಕುಳಿತು ಗೊತ್ತುಮಾಡಿಕೊ.

ಇನ್ನು ಸೂಜಿಯ ಮಾತು. ತೊಗರಿ ಕೊಯ್ಲಿನ ಕಾಲದಲ್ಲಿ ಬೆಳಿಗ್ಗೆ ಕೈಗಳು ತಣ್ಣಗಿರುತ್ತವೆ, ಕುಡುಗೋಲು ಹಿಡಿದ ಬೆರಳ ತುದಿ ಗಟ್ಟಿಯಾಗಿರುತ್ತದೆ. ಬೆಚ್ಚಗಿನ ನೀರಿನಲ್ಲಿ ಕೈ ತೊಳೆಸಿ ಒರೆಸು. ಸ್ಪಿರಿಟ್ ಪೂರ್ತಿ ಒಣಗಲಿ. ಉಂಗುರದ ಬೆರಳಿನ ತುದಿಯಲ್ಲಿ, ನಟ್ಟನಡುವೆ ಅಲ್ಲ, ಸ್ವಲ್ಪ ಬದಿಗೆ ಚುಚ್ಚು. ಮೊದಲು ಬಂದ ಎರಡು ಮೂರು ಹನಿಗಳನ್ನು ಒರೆಸಿ ತೆಗೆ. ಬೆರಳನ್ನು ಹಿಂಡಬೇಡ, ಹಿಂಡಿದರೆ ಅಂಗಾಂಶದ ನೀರು ಬೆರೆತು ಅಂಕಿ ಸುಳ್ಳಾಗುತ್ತದೆ. ಹನಿಯನ್ನು ಹೀರಿಕೊಂಡು ಯಂತ್ರದೊಳಗೆ ಹೋಗುವ ಪುಟ್ಟ ಕ್ಯುವೆಟ್ ಒಂದೇ ಸಲಕ್ಕೆ ತುಂಬಬೇಕು, ಗುಳ್ಳೆ ಕಂಡರೆ ಎಸೆದು ಬೇರೆಯದನ್ನು ತೆಗೆದುಕೊ. ಅದು ಹಿಡಿಯುವುದೇ 10 ಮೈಕ್ರೋಲೀಟರ್ ರಕ್ತ. ರಕ್ತ ಮಾರಿಕೊಳ್ಳುತ್ತಾರೆ ಎಂದು ಗೊಣಗುವ ಅತ್ತೆಗೆ ಆ ಕ್ಯುವೆಟ್ಟನ್ನೇ ತೋರಿಸು. "ಇಷ್ಟೇ ಏನು?" ಎಂದು ಅವರೇ ಬೆರಳು ಚಾಚುತ್ತಾರೆ.

ನಾಯಕರ ಮನೆಗೆ ಹೋಗಿ ಬಾ, ಅದು ಮರ್ಯಾದೆ. ಆದರೆ ಅವರು ಹೂಂ ಎಂದರೆ ಮನೆಮನೆಯ ಹೆಂಗಸರು ಹೂಂ ಎಂದಂತಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಓದಲು ಬಾರದವರ ಹೆಬ್ಬೆಟ್ಟು ಒತ್ತಿಸುವಾಗ ನಿಮ್ಮ ತಂಡಕ್ಕೆ ಸೇರದ, ಓದು ಬಲ್ಲ ಸಾಕ್ಷಿ ಇರಬೇಕು. ಡಬ್ಬಿ ಆಸೆ ತೋರಿಸಿದಂತೆ. ನಿನ್ನಿಂದಾಗಿ ಅರ್ಧ ದಿನದ ಕೂಲಿ ತಪ್ಪಿದರೆ ಅದನ್ನು ತುಂಬಿಕೊಡುವುದು ಬೇರೆ ಮಾತು. ಅದಕ್ಕೆ ನಿಮ್ಮ ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಕೇಳು.

ಸಂಖ್ಯಾಶಾಸ್ತ್ರದ ಅಧ್ಯಾಪಕ, ಬೀದರ್

ಬೀಗದ ಮನೆಯ ಬದಲು ಪಕ್ಕದ ಮನೆ ಬೇಡ. ಗುಳೆ ಹೋದವರು ಕಬ್ಬು ಕಡಿಯಲು, ಪುಣೆ ಮುಂಬಯಿಯ ಕಟ್ಟಡ ಕೆಲಸಕ್ಕೆ ಹೋಗಿರುತ್ತಾರೆ; ಉಳಿದವರಿಗಿಂತ ಅವರಿಗೆ ಬಡತನ ಹೆಚ್ಚು. ಅವರನ್ನು ಬಿಟ್ಟರೆ ನಿಮ್ಮ ತಾಂಡಾ ಇರುವುದಕ್ಕಿಂತ ಆರೋಗ್ಯವಾಗಿ ಕಾಣಬಹುದು. ಬೀಗ ಎಂದೇ ದಾಖಲಿಸಿ, ಹೋಳಿಗೆ ಮತ್ತೆ ಹೋಗಿ. ಹಬ್ಬಕ್ಕೆ ಬಹಳಷ್ಟು ಜನ ತಾಂಡಾಕ್ಕೆ ಮರಳುತ್ತಾರೆ. ಆದರೆ ಹಬ್ಬದ ದಿನವೇ ಸೂಜಿ ಹಿಡಿದು ನಿಲ್ಲಬೇಡಿ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ (2019–21) ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ ಇತ್ತು. ಅದೂ ಬೆರಳ ತುದಿಯ ರಕ್ತದ ಲೆಕ್ಕ. ರಕ್ತನಾಳದಿಂದ ತೆಗೆದ ರಕ್ತದ ಅಂಕಿಯೊಂದಿಗೆ ಇದನ್ನು ಹೋಲಿಸಲು ಹೋಗಬೇಡಿ, ಪರೀಕ್ಷಕರು ಅಲ್ಲೇ ಹಿಡಿಯುತ್ತಾರೆ.

ಆಶಾ ಕಾರ್ಯಕರ್ತೆ, ಯಾದಗಿರಿ ಜಿಲ್ಲೆ

ನಮ್ಮನ್ನು ಕರೆಯುವುದು ಮನೆ ತೋರಿಸಲು ಮಾತ್ರ. ನೀವು ಹೋದ ಮೇಲೆ ಬೈಸಿಕೊಳ್ಳುವವರು ನಾವು. ಯೋಜನೆ ಬರೆಯುವಾಗಲೇ ನಮ್ಮ ಓಡಾಟಕ್ಕೆ ಹಣ ಇಟ್ಟುಕೊಳ್ಳಿ, ಅಕ್ಕಾ.

ಸಂಶೋಧನಾ ವಿದ್ಯಾರ್ಥಿನಿ, ಕಲಬುರಗಿ

ಎಲ್ಲರಿಗೂ ಧನ್ಯವಾದ. ಸಿಸ್ಟರ್, ಒಂದು ತೊಡಕಿದೆ. ಆರು ತಿಂಗಳ ನಂತರ ಅದೇ ಮಹಿಳೆಯರ ರಕ್ತವನ್ನು ಮತ್ತೆ ನೋಡಬೇಕು. ಈಗಲೇ ಅಂಕಿ ಹೇಳಿ ಕಬ್ಬಿಣಾಂಶದ ಮಾತ್ರೆ ಕೊಡಿಸಿದರೆ ಅಧ್ಯಯನ ಕೆಡುತ್ತದೆ ಎಂಬುದು ಮಾರ್ಗದರ್ಶಕರ ಆತಂಕ.

ನಿವೃತ್ತ ಸಿಸ್ಟರ್, ಚಿತ್ತಾಪುರ

ರಕ್ತ ಕಡಿಮೆಯಿದೆ ಎಂದು ಗೊತ್ತಿದ್ದೂ ಆರು ತಿಂಗಳು ಬಾಯಿ ಮುಚ್ಚಿಕೊಂಡಿರಬೇಕಾದ ಅಧ್ಯಯನ ಕೆಟ್ಟರೆ ಕೆಡಲಿ. ನೈತಿಕ ಸಮಿತಿಯ ಮುಂದೆ ಇದೇ ಮಾತು ಹೇಳಲು ನಿಮ್ಮ ಗುರುಗಳಿಗೆ ಧೈರ್ಯವಿದೆಯೇ, ಕೇಳಿ ನೋಡು.

ಮಾತ್ರೆ ಕೊಟ್ಟೊಡನೆ ನುಂಗುತ್ತಾರೆ ಎಂದೂ ತಿಳಿಯಬೇಡ. ಬಸುರಿಗೆ ದಿನಕ್ಕೊಂದರಂತೆ 180 ದಿನ ಎಂಬುದು ಸರ್ಕಾರದ ಲೆಕ್ಕ. ಮಲ ಕಪ್ಪಾಗುತ್ತದೆ, ಹೊಟ್ಟೆ ತೊಳಸುತ್ತದೆ ಎಂದು ಮೊದಲೇ ಹೇಳದಿದ್ದರೆ ಮೂರನೆಯ ದಿನಕ್ಕೆ ಮಾತ್ರೆ ಮಾಡಿನ ಸಂದಿ ಸೇರುತ್ತದೆ. ಹೊಟ್ಟೆ ತೊಳಸುವವರು ರಾತ್ರಿ ಉಂಡ ಮೇಲೆ ನುಂಗಲಿ. ಅದರ ಹಿಂದೆಯೇ ಚಹಾ ಬೇಡ, ಕ್ಯಾಲ್ಸಿಯಂ ಮಾತ್ರೆಯ ಜೊತೆಗೂ ಬೇಡ. ಯಾರು ನುಂಗಿದರು, ಯಾರು ಬಿಟ್ಟರು, ಏಕೆ ಬಿಟ್ಟರು ಎಂಬುದನ್ನು ಬರೆದುಕೊಳ್ಳುತ್ತಾ ಹೋಗು. ನಿನ್ನ ಪ್ರಬಂಧಕ್ಕೆ ಅದೇ ಒಂದು ಅಧ್ಯಾಯವಾದೀತು.

ತೀವ್ರ ಕೊರತೆಯವರನ್ನು ಕಳುಹಿಸುವ ಏರ್ಪಾಡನ್ನು ಕಾಗದದ ಮೇಲೆ ಬರೆದು ವೈದ್ಯಾಧಿಕಾರಿಗಳ ಸಹಿ ಹಾಕಿಸಿಕೊ. ಆರು ತಿಂಗಳಲ್ಲಿ ಅವರಿಗೆ ವರ್ಗಾವಣೆಯಾದರೂ ಆಗಬಹುದು. ಒಂದು ಪ್ರತಿ ಆಶಾ ಕೈಯಲ್ಲಿರಲಿ.