ಕಾಫಿ ಲೆಕ್ಕದ ಪ್ರೋಗ್ರಾಂ: ಟೈಪ್ ಮತ್ತು ಈನಮ್ ಪ್ರಶ್ನೋತ್ತರ

ಪ್ರಶ್ನೆ, ಮೂಡಿಗೆರೆಯ ಬಿಸಿಎ ವಿದ್ಯಾರ್ಥಿ: ಅಕ್ಕ, ನಮ್ಮ ತೋಟದ ಲೆಕ್ಕಕ್ಕೆ ರಸ್ಟ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುತ್ತಿದ್ದೇನೆ. ಕಾಫಿಯ ಬಗೆಯನ್ನು ಸ್ಟ್ರಿಂಗ್ (ಅಕ್ಷರಗಳ ಸಾಲು) ಆಗಿ ಇಟ್ಟಿದ್ದೇನೆ, ಕೆಲಸ ಆಗುತ್ತಿದೆ. ಈನಮ್ ಬಳಸು ಅಂತಾರೆ. ಯಾಕೆ?

ಉತ್ತರ: ನೀವು ಮಾರುವುದು ನಾಲ್ಕೇ ಬಗೆ ಅಲ್ವಾ ತಮ್ಮ? ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರಿ, ರೋಬಸ್ಟಾ ಪಾರ್ಚ್‌ಮೆಂಟ್, ರೋಬಸ್ಟಾ ಚೆರಿ. ಆದರೆ ಸ್ಟ್ರಿಂಗ್ ಒಳಗೆ ಏನು ಬೇಕಾದರೂ ತುಂಬಬಹುದು. ಒಂದು ಕಡೆ 'ಚೆರಿ', ಇನ್ನೊಂದು ಕಡೆ 'ಚೆರ್ರಿ' ಅಂತ ಬರೆದರೆ ಕಂಪ್ಯೂಟರಿಗೆ ಅವು ಬೇರೆ ಬೇರೆ ಮಾಲು. ಈನಮ್ ಎಂದರೆ ಇರುವುದು ಇಷ್ಟೇ ಬಗೆ ಅಂತ ಮೊದಲೇ ಹೆಸರು ಹಿಡಿದು ಪಟ್ಟಿ ಮಾಡಿದ ಟೈಪ್. ಪಟ್ಟಿಯಲ್ಲಿ ಇಲ್ಲದ ಹೆಸರು ಬರೆದರೆ ಪ್ರೋಗ್ರಾಂ ಕಂಪೈಲೇ ಆಗುವುದಿಲ್ಲ, ಅಂದರೆ ಓಡುವ ರೂಪಕ್ಕೇ ಬರುವುದಿಲ್ಲ.

ಕೆಲಸಕ್ಕೆ ಸೇರಿದ ಮೊದಲ ವರ್ಷ ನನಗೆ ಹೀಗೇ ಆಗಿತ್ತು. ನಾನು ಬರೆದ ಕೋಡಿನಲ್ಲಿ 'ಪಾವತಿಯಾಗಿದೆ' ಎಂಬ ಸ್ಟ್ರಿಂಗ್ ಕೊನೆಗೆ ಒಂದು ಸ್ಪೇಸ್ ಸೇರಿಕೊಂಡಿತ್ತು. ದುಡ್ಡು ಕಟ್ಟಿದವರಿಗೆಲ್ಲ ಬಾಕಿ ಇದೆ ಅಂತ ಮೆಸೇಜ್ ಹೋಯಿತು. ಆ ಸ್ಪೇಸ್ ಹುಡುಕಲು ಎರಡು ದಿನ ಬೇಕಾಯಿತು. ಈನಮ್ ಇದ್ದಿದ್ದರೆ ಈ ತಪ್ಪಿಗೆ ಜಾಗವೇ ಇರುತ್ತಿರಲಿಲ್ಲ.

ಪ್ರಶ್ನೆ, ಅದೇ ಹುಡುಗ: ಹೆಸರುಗಳನ್ನು ಕನ್ನಡದಲ್ಲೇ ಇಡಬಹುದಾ?

ಉತ್ತರ: ಇಡಬಹುದು. 2021ರ ರಸ್ಟ್ 1.53ರಿಂದ ಅವಕಾಶ ಇದೆ. ಆ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ. ಒಂದು ತೊಡಕು ಇದೆ. 'ಪಾರ್ಚ್‌ಮೆಂಟ್' ಎಂದು ಬರೆಯುವಾಗ ಮ ಒತ್ತಕ್ಷರ ಆಗದಿರಲಿ ಅಂತ ಚ್ ಆದಮೇಲೆ ಕಣ್ಣಿಗೆ ಕಾಣದ ಒಂದು ಗುರುತು ಹಾಕುತ್ತೇವೆ. ಹೆಸರಿನೊಳಗೆ ಆ ಗುರುತನ್ನು ರಸ್ಟ್ ಒಪ್ಪುವುದಿಲ್ಲ. 'ಚೆರಿ'ಗೆ ತೊಂದರೆ ಇಲ್ಲ.

ಪ್ರಶ್ನೆ, ಕೊಪ್ಪದಿಂದ ಒಬ್ಬರು: ಚೀಲದ ಎಣಿಕೆಗೆ ಯು8 ಸಾಕಾ ಮೇಡಂ?

ಉತ್ತರ: ಸಾಲದು. ಅದು 8 ಬಿಟ್‌ನ ಪೂರ್ಣಾಂಕದ ಟೈಪ್, ಅದರಲ್ಲಿ 0ರಿಂದ 255ರವರೆಗೆ ಮಾತ್ರ ಹಿಡಿಸುತ್ತದೆ. 250 ಚೀಲಕ್ಕೆ 10 ಕೂಡಿಸಿದರೆ ಡೀಬಗ್ ಬಿಲ್ಡ್ (ಪರೀಕ್ಷೆಗೆ ಕಟ್ಟಿದ ಪ್ರೋಗ್ರಾಂ) ಅಲ್ಲೇ ನಿಂತುಬಿಡುತ್ತದೆ. ರಿಲೀಸ್ ಬಿಲ್ಡ್ (ಬಳಕೆಗೆ ಕಟ್ಟಿದ್ದು) ಸದ್ದಿಲ್ಲದೆ 4 ಅನ್ನುತ್ತದೆ. 32 ಬಿಟ್‌ನ ಯು32 ಇಡಿ.

ಪ್ರಶ್ನೆ, ಮೂಡಿಗೆರೆಯ ಹುಡುಗ: ಮಾಯಿಶ್ಚರ್ (ತೇವಾಂಶ) ಅಳೆಯದ ಲಾಟಿಗೆ ಸುಮ್ನೆ 0 ಹಾಕಿದ್ದೇನೆ.

ಉತ್ತರ: ಬೇಡ. 0 ಎಂದರೆ ಅಳೆದೆ, ನೀರೇ ಇಲ್ಲ ಎಂದಾಯಿತು. ಅಳೆದೇ ಇಲ್ಲ ಅನ್ನುವುದು ಬೇರೆ ಮಾತು. ಎರಡು ಲಾಟ್ 10, 12 ಬಂದರೆ ಸರಾಸರಿ 11. ಅಳೆಯದ ಮೂರನೆಯದಕ್ಕೆ 0 ಹಾಕಿದರೆ 7.3ಕ್ಕೆ ಇಳಿಯುತ್ತದೆ!

ಇದಕ್ಕೇ ಇರುವುದು 'ಆಪ್ಷನ್'. ಅದೂ ಒಂದು ಈನಮ್. ಅಳತೆ ಇದ್ದರೆ 'ಸಮ್' (Some) ಒಳಗೆ 10.5 ಕೂತಿರುತ್ತದೆ, ಇಲ್ಲದಿದ್ದರೆ 'ನನ್' (None, ಅಂದರೆ ಏನೂ ಇಲ್ಲ). ಸಿ ಭಾಷೆಯ ಈನಮ್ ಎಂದರೆ ಅಂಕಿಗೆ ಇಟ್ಟ ಹೆಸರು ಅಷ್ಟೇ. ರಸ್ಟ್‌ನದ್ದು ಹೀಗೆ ತನ್ನೊಳಗೆ ಮಾಹಿತಿ ಇಟ್ಟುಕೊಳ್ಳುತ್ತದೆ. ಹಳೆಯ ಭಾಷೆಗಳಲ್ಲಿ 'ಏನೂ ಇಲ್ಲ' ಅನ್ನಲು ಬಳಸುವುದು 'ನಲ್'. 1965ರಲ್ಲಿ ಆಲ್ಗಾಲ್ ಡಬ್ಲ್ಯೂ ಭಾಷೆಗೆ ಅದನ್ನು ತಂದ ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್ ಅವರೇ 2009ರಲ್ಲಿ ಅದನ್ನು ತಮ್ಮ ನೂರು ಕೋಟಿ ಡಾಲರಿನ ತಪ್ಪು ಎಂದು ಕರೆದರು. ಆಪ್ಷನ್ ಬಳಸಿದರೆ ಅಳತೆ ಇಲ್ಲದಾಗ ಏನು ಮಾಡಬೇಕು ಎಂದು ನೀನು ಬರೆಯಲೇಬೇಕು.

ಪ್ರಶ್ನೆ, ಅದೇ ಹುಡುಗ: ಈನಮ್ ಮಾಡಿದೆ ಅಕ್ಕ. ಯಾವ ಬಗೆಗೆ ಯಾವ ರೇಟು ಅಂತ ಹೇಳುವ ಮ್ಯಾಚ್ ಬರೆಯುವಾಗ ರೋಬಸ್ಟಾ ಪಾರ್ಚ್‌ಮೆಂಟ್ ಬಿಟ್ಟುಹೋಗಿ ಎರರ್ ಬಂತು. ಕೊನೆಗೆ ಅಂಡರ್‌ಸ್ಕೋರ್ (_) ಹಾಕಿದೆ, ಎರರ್ ಹೋಯಿತು.

ಉತ್ತರ: ಅದನ್ನು ತೆಗಿ ತಮ್ಮ. ಅಂಡರ್‌ಸ್ಕೋರ್ ಎಂದರೆ 'ಮಿಕ್ಕಿದ್ದೆಲ್ಲ'. ರೋಬಸ್ಟಾ ಪಾರ್ಚ್‌ಮೆಂಟ್‌ಗೆ ಈಗ ಯಾವ ರೇಟು ಬೀಳುತ್ತಿದೆ ನೋಡು. ನಾಲ್ಕನ್ನೂ ಹೆಸರು ಹಿಡಿದೇ ಬರಿ. ನಾಳೆ ಅಪ್ಪ ಕಾಳುಮೆಣಸನ್ನೂ ಇದರಲ್ಲೇ ಸೇರಿಸು ಅಂತಾರೆ. ಈನಮ್‌ಗೆ ಮೆಣಸು ಸೇರಿಸಿದ ಕೂಡಲೇ, ಅದನ್ನು ಬಿಟ್ಟ ಪ್ರತಿಯೊಂದು ಮ್ಯಾಚ್‌ನಲ್ಲೂ ಇ0004 ಎರರ್ ಬರುತ್ತದೆ. ಯಾವ ಫೈಲು, ಎಷ್ಟನೇ ಸಾಲು ಅಂತಾನೂ ತೋರಿಸುತ್ತದೆ.

ಮೂಡಿಗೆರೆಯ ಹುಡುಗ: ತೆಗೆದೆ ಅಕ್ಕ. 0 ರೂಪಾಯಿ ಬೀಳುತ್ತಿತ್ತು.